ವೀಣೆಗೊಂದು ಪುಟ್ಟ ಪೆಟ್ಟಿಗೆ

ಹೋದ ವಾರ್ಷಿಕೋತ್ಸವದಲ್ಲಿ ನಮ್ಮ ಸಹಪಾಠಿನಿಯೊಬ್ಬಳು ವೀಣೆ ನುಡಿಸಿದಳು. ಸಭೆಗೆ ಕೇಳಿಸಿದ್ದು ಮಾತ್ರ ಧ್ವನಿವರ್ಧಕದ ಗುಂಯ್ ಎಂಬ ನಾದ! ಜನ ಜರೆದದ್ದು ಅವಳನ್ನು, ದೋಷವಿದ್ದುದು ತಂತಿಯಲ್ಲಿ. ವೀಣೆಗೆ ಅಂಟಿಸಿದ್ದ ಪಿಕಪ್ಪಿನಿಂದ ಮಿಕ್ಸರಿನವರೆಗೆ 50 ಅಡಿ ಸಾಮಾನ್ಯ ತಂತಿಯನ್ನೇ ಎಳೆದಿದ್ದರು.

ಇದಕ್ಕೆ ಮದ್ದು ಡಿ.ಐ. ಬಾಕ್ಸು. ವಾದ್ಯದ ದುರ್ಬಲ ಸಂಕೇತವನ್ನು ಅದು ಮೈಕಿನ ಕೇಬಲ್ಲಿಗೆ ಒಗ್ಗುವಂತೆ ಮಾರ್ಪಡಿಸುತ್ತದೆ. ಆಮೇಲೆ 100 ಅಡಿ ಹೋದರೂ ಗದ್ದಲ ಸೇರುವುದು ಅತ್ಯಲ್ಪ.

ಇದರಲ್ಲಿ ಎರಡು ಬಗೆ. ಪ್ಯಾಸಿವ್ ಪೆಟ್ಟಿಗೆಯಲ್ಲಿರುವುದು ಟ್ರಾನ್ಸ್‌ಫಾರ್ಮರು, ವಿದ್ಯುತ್ತು ಬೇಡ. ಕೀಬೋರ್ಡಿಗೆ ಅದು ಸಾಕು. ಆಕ್ಟಿವ್ ಪೆಟ್ಟಿಗೆಗೆ ಬ್ಯಾಟರಿಯಾಗಲಿ, ಮಿಕ್ಸರಿನಿಂದ ಬರುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತಾಗಲಿ ಬೇಕು. ವೀಣೆ, ಪಿಟೀಲುಗಳಿಗೆ ಅಂಟಿಸುವ ಪೀಜೊ ಪಿಕಪ್ಪು 10 ಲಕ್ಷ ಓಮಿಗೆ ಕಡಿಮೆಯಿಲ್ಲದ ಇನ್‌ಪುಟ್ ಇಂಪೆಡೆನ್ಸನ್ನು ಬೇಡುತ್ತದೆ. ಕಡಿಮೆಯಾದರೆ ಮಂದ್ರಸ್ಥಾಯಿ ಸೊರಗುತ್ತದೆ. ಅಷ್ಟನ್ನು ಕೊಡಬಲ್ಲದ್ದು ಆಕ್ಟಿವ್ ಪೆಟ್ಟಿಗೆಯೇ.

ಆದುದರಿಂದ ಒಂದನ್ನೇ ಕೊಳ್ಳಬಲ್ಲ ಕಾಲೇಜು ಆಕ್ಟಿವನ್ನೇ ಕೊಳ್ಳಲಿ ಎಂಬುದು ನನ್ನ ಮತ. ಕೀಬೋರ್ಡಿಗೂ ಅದೇ ಆದೀತು. ಧ್ವನಿಮುದ್ರಣಕ್ಕೂ ಅದೇ ಆದೀತು. ಕೊಳ್ಳುವಾಗ ಹೆಸರಿಗೆ ಮರುಳಾಗದೆ ಮೂರನ್ನು ನೋಡಿದರೆ ಸಾಕು: ಲೋಹದ ಮೈ, ಜೋರಾದ ಸಂಕೇತವನ್ನು ತಗ್ಗಿಸುವ ಪ್ಯಾಡ್, ಗ್ರೌಂಡ್ ಲಿಫ್ಟ್ ಸ್ವಿಚ್ಚು. ಗುಂಯ್‌ನಾದ ನಿಲ್ಲಲೆಂದು ಪ್ಲಗ್ಗಿನ ಅರ್ತ್ ಕಡ್ಡಿಯನ್ನೇ ಕೀಳುವವರುಂಟು. ಅದು ಪ್ರಾಣದೊಡನೆ ಚೆಲ್ಲಾಟ. ಅರ್ತಿನ ಸುತ್ತಿನಿಂದ ಬರುವ ಗುಂಯ್‌ನಾದವನ್ನು ಈ ಸ್ವಿಚ್ಚು ನಿರಪಾಯವಾಗಿ ಅಡಗಿಸುತ್ತದೆ.

ಹಾರತುರಾಯಿಗಳ ಖರ್ಚಿನಲ್ಲಿ ಒಂದಿಷ್ಟನ್ನು ಇದಕ್ಕೆ ಮೀಸಲಿಡಬಾರದೆ? ಮುಂದಿನ ವರ್ಷವಾದರೂ ನಮ್ಮ ಗೆಳತಿಯ ವೀಣೆ ವೀಣೆಯಾಗಿಯೇ ಕೇಳಿಸಲಿ. ಆಮೇಲೆ ಬೇಕಾದರೆ ಅವಳ ವಾದನವನ್ನು ವಿಮರ್ಶಿಸೋಣ.