ಕೊಲೆ, ಪ್ರೇಮ ಮತ್ತು ಪಂಚಾಯತಿ ಲೈಬ್ರರಿಯ ಗೋಣಿಚೀಲ

ಕಳೆದ ತಿಂಗಳು ನಾವು 11 ಪುಸ್ತಕ ಓದಿದೆವು. ಆರರಲ್ಲಿ ಕೊಲೆ, ನಾಲ್ಕರಲ್ಲಿ ಪ್ರೇಮ, ಒಂದರಲ್ಲಿ ಎರಡೂ. ವೈಚಾರಿಕ ಪುಸ್ತಕ ಒಂದೂ ಇಲ್ಲ, ವ್ಯಕ್ತಿತ್ವ ವಿಕಸನ ಮೊದಲೇ ಇಲ್ಲ. ಇದನ್ನು ಕೇಳಿ ಪರಿಚಯದ ಮೇಷ್ಟ್ರೊಬ್ಬರು, "ಪೇಪರಿಗೆ ಬರೆಯೋರು ನೀವೂ ಇಂಥವನ್ನೇ ಓದ್ತೀರಾ?" ಎಂದರು. ಓದ್ತೀವಿ ಮೇಷ್ಟ್ರೇ. ನಿಮ್ಮ ಊರಿನವರೂ ಓದಲಿ ಅಂತಲೇ ಈ ಬರಹ. ಯಾಕಂದರೆ ಇನ್ನು ಸ್ವಲ್ಪ ದಿನಕ್ಕೆ ಓದೋಣ ಅಂದರೂ ಅವು ಸಿಗದ ಹಾಗೆ ಆಗುತ್ತಿದೆ.

ಆ ಹನ್ನೊಂದರಲ್ಲಿ ಎಂಟು ನಮಗೆ ಸಿಕ್ಕಿದ್ದು ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ. ಬೀರುವಿನಲ್ಲಿ ಅಲ್ಲ, ಗೋಣಿಚೀಲದಲ್ಲಿ. ಬ್ಲೀಚಿಂಗ್ ಪೌಡರ್ ಮೂಟೆ, ಮುರಿದ ಕುರ್ಚಿ, ಚುನಾವಣೆಯ ಹಳೇ ಬೋರ್ಡುಗಳ ಪಕ್ಕ ನಾಲ್ಕು ಚೀಲ ಕಾದಂಬರಿ. ಪರಿಶೀಲನೆಗೆ ಬಂದ ಸಾಹೇಬರು, "ಈ ಕಾಲಹರಣದ ಪುಸ್ತಕ ಎಲ್ಲ ತೆಗೀರಿ, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕಕ್ಕೆ ಜಾಗ ಮಾಡಿ" ಅಂದರಂತೆ. ಆದೇಶ ಇದೆಯಾ ಎಂದು ಮೇಲ್ವಿಚಾರಕಿಯನ್ನು ಕೇಳಿದೆವು. "ಬರೆದು ಕೊಟ್ಟಿಲ್ಲ ಅಣ್ಣ, ಬಾಯಲ್ಲಿ ಹೇಳಿ ಹೋದ್ರು. ನಾನೇನು ಮಾಡ್ಲಿ?"

ಅವರದ್ದು ತಪ್ಪಿಲ್ಲ. ಆದರೆ ಚೀಲದೊಳಗಿನ ಪುಸ್ತಕದ ಹಿಂದಿನ ಪುಟ ತೆಗೆದು ನೋಡಿ. ತಾರೀಖಿನ ಮುದ್ರೆ ಒತ್ತುವ ಚೀಟಿ ಇರುತ್ತದಲ್ಲ, ಒಂದು ಸಾಯಿಸುತೆ ಕಾದಂಬರಿಯಲ್ಲಿ ಆ ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಅಂಟಿಸಿ, ಅದೂ ತುಂಬಿದೆ. ಬೀರುವಿನಲ್ಲಿ ಗಾಜಿನ ಹಿಂದೆ ನಿಂತಿರುವ ಸಾಮಾನ್ಯ ಜ್ಞಾನದ ದಪ್ಪ ಗೈಡಿನ ಚೀಟಿಯಲ್ಲಿ ಇರುವುದು ಒಂದೇ ಮುದ್ರೆ. ಕಾಲಹರಣ ಮಾಡುತ್ತಿರುವ ಪುಸ್ತಕ ಯಾವುದು?

ಮೊದಲು ಕೊಲೆಯ ವಿಷಯಕ್ಕೆ ಬರೋಣ. ನಮ್ಮ ಕಸುಬಿನಲ್ಲಿ ಕೊಲೆ ಅಂದರೆ ಆರು ಸಾಲು. ಠಾಣೆಯ ವಾಟ್ಸಾಪ್ ಗ್ರೂಪಿನಿಂದ ಬರುತ್ತದೆ. ಹೆಸರು, ವಯಸ್ಸು, ಊರು, 'ಕ್ಷುಲ್ಲಕ ಕಾರಣಕ್ಕೆ', 'ಮಾರಕಾಸ್ತ್ರದಿಂದ', 'ಪ್ರಕರಣ ದಾಖಲಾಗಿದೆ'. ಸತ್ತವಳು ಹೆಂಗಸಾದರೆ 'ಅನೈತಿಕ ಸಂಬಂಧದ ಶಂಕೆ' ಅನ್ನುವುದೂ ಸೇರುತ್ತದೆ. ಶಂಕೆ ಯಾರದ್ದು? ಗಂಡನದ್ದೋ, ಪೊಲೀಸರದ್ದೋ, ಡೆಸ್ಕಿನಲ್ಲಿ ಕೂತವರದ್ದೋ? ಅದನ್ನು ಯಾರೂ ಬರೆಯುವುದಿಲ್ಲ. ಹೊಲದ ಬದುವಿಗೆ, ಬಂಡಿ ದಾರಿಗೆ, ಬೋರ್‌ವೆಲ್ ನೀರಿಗೆ ಹತ್ತು ವರ್ಷ ಕಾದಾಡಿ ಕೊನೆಗೆ ಬಿದ್ದ ಹೆಣ 'ಕ್ಷುಲ್ಲಕ'ವಂತೆ! ಆಮೇಲೆ ಆ ಕೇಸು ಏನಾಯಿತು, ಶಿಕ್ಷೆ ಆಯಿತೋ, ಸಾಕ್ಷಿಗಳು ಉಲ್ಟಾ ಹೊಡೆದರೋ, ಜಿಲ್ಲಾ ಪುಟದಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಪತ್ತೇದಾರಿ ಕಾದಂಬರಿಗೆ ಈ ಸವಲತ್ತಿಲ್ಲ. ಸತ್ತವರು ಯಾರೇ ಆಗಲಿ, ಕೊಂದವರು ಯಾರು, ಯಾಕೆ ಕೊಂದರು ಅಂತ ತಿಳಿಯುವ ತನಕ ಪುಸ್ತಕ ಮುಗಿಯುವ ಹಾಗಿಲ್ಲ. ಆ ರಾತ್ರಿ ನೀನೆಲ್ಲಿದ್ದೆ ಅನ್ನುವ ಪ್ರಶ್ನೆ ಮನೆ ಯಜಮಾನನಿಗೂ ಬೀಳುತ್ತದೆ, ಅಡುಗೆಯವಳಿಗೂ ಬೀಳುತ್ತದೆ. ಎಷ್ಟೋ ಕಡೆ ಅಡುಗೆಯವಳು ಕಂಡ ಒಂದು ಸಣ್ಣ ಸಂಗತಿಯೇ ಯಜಮಾನನ ದೊಡ್ಡ ಸುಳ್ಳನ್ನು ಮುರಿಯುತ್ತದೆ. ನಮ್ಮ ಎಷ್ಟು ಠಾಣೆಗಳಲ್ಲಿ ಕೂಲಿ ಹೆಂಗಸಿನ ಮಾತಿಗೆ ಅಷ್ಟು ಬೆಲೆ ಇದೆ, ನೀವೇ ಹೇಳಿ.

ಎನ್. ನರಸಿಂಹಯ್ಯ ಅವರ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಶಾಲೆ ಕಲಿತಿದ್ದು ನಾಲ್ಕನೇ ತರಗತಿ ತನಕ. ಬರೆದಿದ್ದು 500ಕ್ಕೂ ಹೆಚ್ಚು ಕಾದಂಬರಿ, ಬಹುಪಾಲು ಪತ್ತೇದಾರಿ. ಪುರುಷೋತ್ತಮ, ಮಧುಸೂದನ ಅಂತ ಅವರ ಪತ್ತೇದಾರರು. ಚಿಕ್ಕ ವಾಕ್ಯ, ಸಣ್ಣ ಪುಸ್ತಕ, ಅಗ್ಗದ ಕಾಗದ. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವರೂ ಎಡವದೆ ಮುಂದೆ ಹೋಗುವಂಥ ಕನ್ನಡ. ಶಾಲೆ ಬಿಟ್ಟ ಮೇಲೂ ಓದು ಬಿಡದಂತೆ ನಮ್ಮನ್ನು ಹಿಡಿದಿಟ್ಟಿದ್ದು ನರಸಿಂಹಯ್ಯ ಅಂತ ಹೇಳುವ ಹೋಟೆಲ್ ಮಾಣಿಗಳು, ಬಸ್ ಕಂಡಕ್ಟರ್‌ಗಳು, ಈಗ ರಿಟೈರಾದ ಗುಮಾಸ್ತರು ನಮಗೆ ಸಿಕ್ಕಿದ್ದಾರೆ. 2011ರಲ್ಲಿ ಅವರು ತೀರಿಕೊಂಡರು. ಸಾಕ್ಷರತೆಗೆ ಎಷ್ಟೆಲ್ಲ ಯೋಜನೆ ಬಂದವು, ಹೋದವು. ನಾಲ್ಕನೇ ತರಗತಿ ಓದಿದ ಈ ಮನುಷ್ಯ ಒಬ್ಬರೇ ಮಾಡಿದ ಕೆಲಸವನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ ಸ್ವಾಮಿ?

ಇನ್ನೊಂದು ಕೊಲೆ ಪುಸ್ತಕ ಇಂಗ್ಲಿಷಿನದ್ದು. ಅಗಾಥಾ ಕ್ರಿಸ್ಟಿ ಬರೆದದ್ದು, ಪೇಟೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಫೋನಿನ ನಿಘಂಟು ಹಿಡಿದು ಒಂಬತ್ತು ದಿನ ಓದಿದೆವು. ಮಿಸ್ ಮಾರ್ಪಲ್ ಅನ್ನುವ ಮುದುಕಿ ಅದರಲ್ಲಿ ಪತ್ತೇದಾರಿ. ಈಕೆ ಮೊದಲು ಕಾದಂಬರಿಯೊಂದಕ್ಕೆ ಬಂದಿದ್ದು 1930ರಲ್ಲಿ. ಮದುವೆಯಾಗದ ಒಂಟಿ ಮುದುಕಿ, ಹಳ್ಳಿಯಲ್ಲಿ ವಾಸ, ಕೈಯಲ್ಲಿ ಸದಾ ಹೆಣಿಗೆ. ಬಂದೂಕಿಲ್ಲ, ಲ್ಯಾಬಿಲ್ಲ. ಈಕೆಯ ಬಂಡವಾಳ ಒಂದೇ, ಊರಿನವರ ಸ್ವಭಾವ ಗೊತ್ತಿರುವುದು. ಇಂಥವರು ನಮ್ಮ ಪ್ರತಿ ಊರಿನ ಕಟ್ಟೆಯ ಮೇಲೂ ಕೂತಿದ್ದಾರೆ. ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು, ಯಾರು ಯಾವ ದಾರಿ ಬಳಸಿ ಹೋದರು, ಅವರಿಗೆ ಗೊತ್ತು. ನಾವು ಅದನ್ನು ಚಾಡಿ ಅಂತೀವಿ. ಕ್ರಿಸ್ಟಿ ಅದನ್ನು ಬುದ್ಧಿ ಎಂದು ಗೌರವಿಸಿದರು.

ಪ್ರೇಮದ ವಿಷಯ ಸ್ವಲ್ಪ ಕಷ್ಟದ್ದು. ಕೊಲೆ ಪುಸ್ತಕ ಓದುವ ಗಂಡಸಿಗೆ ಊರಿನಲ್ಲಿ ಮಾಫಿ ಉಂಟು. ಪ್ರೇಮ ಕಾದಂಬರಿ ಓದುವ ಹೆಂಗಸಿಗೆ ಇಲ್ಲ. 'ಅಡುಗೆಮನೆ ಸಾಹಿತ್ಯ' ಅಂತ ದೊಡ್ಡವರೇ ಹೆಸರಿಟ್ಟು ಬಿಟ್ಟರಲ್ಲ! ಅಡುಗೆಮನೆಯಲ್ಲಿ ಬೆಂದಿದ್ದನ್ನು ಮೂರು ಹೊತ್ತು ಉಣ್ಣುವವರೇ ಆ ಹೆಸರಿಟ್ಟವರು ಅನ್ನುವುದು ಬೇರೆ ಮಾತು.

ತ್ರಿವೇಣಿ 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಅವರ 'ಶರಪಂಜರ'ದಲ್ಲಿ ಬಾಣಂತಿ ಒಬ್ಬಳ ಮನಸ್ಸು ಕೆಡುತ್ತದೆ, ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು ಮತ್ತು ಊರು ಆಕೆಯನ್ನು ಮತ್ತೆ ಹುಚ್ಚಿ ಅಂತಲೇ ನೋಡುತ್ತಾರೆ. ಇವತ್ತಿಗೂ ನಮ್ಮ ಕಡೆ ಬಾಣಂತಿ ಸುಮ್ಮನೆ ಅಳುತ್ತಾ ಕೂತರೆ ದೆವ್ವ ಬಿಡಿಸಲು ಕರೆದುಕೊಂಡು ಹೋಗುತ್ತಾರೆ. ಆಶಾ ಕಾರ್ಯಕರ್ತೆಯರ ತರಬೇತಿ ಇಲ್ಲದ ಕಾಲದಲ್ಲಿ ಆ ವಿಷಯವನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು 'ಅಡುಗೆಮನೆ' ಕಾದಂಬರಿ. ಎಂ.ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಬರೆಯಲು ಕೂತರು. ಉಷಾ ನವರತ್ನರಾಂ, ಸಾಯಿಸುತೆ ಇವರನ್ನೆಲ್ಲ ಸುಧಾ, ತರಂಗದ ಧಾರಾವಾಹಿಗಳಿಗೆ ಕಾಯುತ್ತಾ ಓದಿದ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿದೆ. ವಾರಪತ್ರಿಕೆ ಊರಿಗೆ ಒಂದೇ ಬರುತ್ತಿತ್ತು, ಹತ್ತು ಮನೆ ಸುತ್ತುತ್ತಿತ್ತು, ಕೊನೆಯ ಮನೆಗೆ ಹೋಗುವಷ್ಟರಲ್ಲಿ ಮಧ್ಯದ ಹಾಳೆ ಇರುತ್ತಿರಲಿಲ್ಲ.

ಇವು ಎಲ್ಲವೂ ಚಿನ್ನ ಅಂತ ನಾವು ಹೇಳುತ್ತಿಲ್ಲ. ನಾವು ಓದಿದ ನಾಲ್ಕರಲ್ಲಿ ಎರಡು ಪುಸ್ತಕದ ನಾಯಕ ಶ್ರೀಮಂತ, ಬೆಳ್ಳಗೆ, ಕಾರು ಇರುವವನು. ನಾಯಕಿ ಕೊನೆಗೆ ಎಲ್ಲವನ್ನೂ ಕ್ಷಮಿಸಿ ಕಾಫಿ ತರುತ್ತಾಳೆ. ಜಾತಿ ಅನ್ನುವ ಪದವೇ ಬರುವುದಿಲ್ಲ, ಆದರೆ ಎಲ್ಲರ ಅಡ್ಡಹೆಸರು, ಅಡುಗೆ, ಹಬ್ಬ ನೋಡಿದರೆ ಯಾವ ಜಾತಿ ಅಂತ ಗೊತ್ತಾಗುತ್ತದೆ. ಪತ್ತೇದಾರಿಗಳಲ್ಲೂ ಕಳ್ಳ ಅಂದರೆ ಕಪ್ಪಗೆ, ಮುಖದ ಮೇಲೆ ಗಾಯದ ಗುರುತು. ಪೊಲೀಸರು 'ಬಾಯಿ ಬಿಡಿಸುವುದು' ತಮಾಷೆಯ ಹಾಗೆ ಬರುತ್ತದೆ. ಇದನ್ನೆಲ್ಲ ಓದಿದಾಗ ಸಿಟ್ಟು ಬಂತು. ಪುಸ್ತಕದ ಮೇಲೆ ಸಿಟ್ಟು ಬರಬೇಕಾದರೂ ಪುಸ್ತಕ ಕೈಗೆ ಸಿಗಬೇಕಲ್ಲ?

ಆದರೂ ಆ ನಾಲ್ಕರಲ್ಲೂ ಒಂದು ಸಂಗತಿ ಇತ್ತು. ಹುಡುಗಿಯನ್ನು ಒಬ್ಬರಾದರೂ ಕೇಳುತ್ತಾರೆ, ನಿನಗೆ ಇವನು ಒಪ್ಪಿಗೆಯೇ? ಅವಳು ಉತ್ತರ ಹೇಳಲು ಪುಸ್ತಕ ಪೂರ್ತಿ ಸಮಯ ತೆಗೆದುಕೊಳ್ಳುತ್ತಾಳೆ, ಅಳುತ್ತಾಳೆ, ತಪ್ಪು ಮಾಡುತ್ತಾಳೆ, ಆದರೆ ಉತ್ತರ ಅವಳದ್ದೇ. ನಮ್ಮ ಕಡೆ ಈ ಪ್ರಶ್ನೆ ಕೇಳದೆಯೇ ಎಷ್ಟು ಲಗ್ನಪತ್ರಿಕೆ ಅಚ್ಚಾಗುತ್ತವೆ! ಕೇಳದಿದ್ದರೂ ಉತ್ತರ ಹೇಳಿ ಬೇರೆ ಜಾತಿಯ ಹುಡುಗನ ಜೊತೆ ಹೋದ ಹುಡುಗಿಯರಲ್ಲಿ ಕೆಲವರು ಅಪ್ಪ, ಅಣ್ಣಂದಿರ ಕೈಯಲ್ಲೇ ಸತ್ತಿದ್ದಾರೆ. ಅದಕ್ಕೆ 'ಮರ್ಯಾದೆ ಹತ್ಯೆ' ಅಂತ ಹೆಸರು. ಅಂಥ ಸುದ್ದಿ ಬರೆಯುವ ದಿನ ನಮ್ಮ ಪಾಲಿಗೆ ಕೊಲೆಯ ಕಥೆ ಮತ್ತು ಪ್ರೇಮದ ಕಥೆ ಎರಡೂ ಒಂದೇ. ಅದಕ್ಕೂ ಆರೇ ಸಾಲು. ಪ್ರೇಮ ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆ ಅನ್ನುವ ಹಿರಿಯರಿಗೆ ಒಂದು ಪ್ರಶ್ನೆ. ಆ ಅಪ್ಪ, ಅಣ್ಣಂದಿರು ಯಾವ ಕಾದಂಬರಿ ಓದಿ ಕೆಟ್ಟಿದ್ದರು?

ಈ ತಿರಸ್ಕಾರ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಜನರಿಗೆ ಓದಿನ ರುಚಿ ಹಾಗೆ ಹತ್ತಿತು. ಅನಕೃ ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಅಶ್ಲೀಲ ಅಂತ ಕೂಗೆದ್ದಾಗ ಅವರು ಸುಮ್ಮನಾಗಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. 1972ರ 'ಬಂಗಾರದ ಮನುಷ್ಯ' ಸಿನಿಮಾ ನೋಡಿ ಕಣ್ಣೀರು ಹಾಕದ ರೈತರ ಮನೆ ಇದೆಯೇ? ಅದು ಟಿ.ಕೆ. ರಾಮರಾವ್ ಅವರ ಕಾದಂಬರಿ. ಅದೇ ರಾಮರಾವ್ ಕೊಲೆ, ಪತ್ತೇದಾರಿ ಬರೆದೇ ಮನೆಮಾತಾದವರು. ರಾಜ್‌ಕುಮಾರ್ ಪಟಕ್ಕೆ ಹಾರ ಹಾಕಿ, ರಾಮರಾವ್ ಪುಸ್ತಕವನ್ನು ಗೋಣಿಚೀಲಕ್ಕೆ ತುಂಬುವುದು ಯಾವ ನ್ಯಾಯ?

ಸಾಹೇಬರ ವಾದವನ್ನೂ ಕೇಳೋಣ. ಹಳ್ಳಿ ಮಕ್ಕಳು ಪಿಡಿಒ ಆಗಲಿ, ಪಿಎಸ್‌ಐ ಆಗಲಿ, ಕೆಎಎಸ್ ಮಾಡಲಿ. ಖಂಡಿತ ಆಗಲಿ. ಗೈಡು ಬೇಡ ಅಂತ ನಾವು ಎಲ್ಲಿ ಹೇಳಿದೆವು? ಇನ್ನೊಂದು ರ್‍ಯಾಕ್ ತನ್ನಿ. ಗೈಡು ಓದುವ ಹುಡುಗ ಪರೀಕ್ಷೆ ಪಾಸಾದರೆ ಊರು ಬಿಡುತ್ತಾನೆ, ಫೇಲಾದರೆ ಲೈಬ್ರರಿ ಬಿಡುತ್ತಾನೆ. ವಾರಕ್ಕೊಮ್ಮೆ ಮಗಳ ಕೈಯಲ್ಲಿ ಚೀಟಿ ಕೊಟ್ಟು "ಸಾಯಿಸುತೆದು ಹೊಸದು ಬಂದಿದ್ರೆ ತಗೊಂಡು ಬಾ" ಅಂತ ಕಳಿಸುವ ಹೆಂಗಸು ಮೂವತ್ತು ವರ್ಷದಿಂದ ಓದುಗಳಾಗಿಯೇ ಇದ್ದಾಳೆ. ಲೈಬ್ರರಿಯ ಬಾಗಿಲನ್ನು ಒಂದು ದಿನವೂ ತುಳಿದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಆದ್ದರಿಂದ ಸಾಹೇಬರ ಕಣ್ಣಿಗೆ ಅವಳು ಬೀಳುವುದಿಲ್ಲ.

ಫೋನ್ ಇದೆಯಲ್ಲ, ಪ್ರತಿಲಿಪಿಯಲ್ಲಿ ಬೇಕಾದಷ್ಟು ಪ್ರೇಮಕಥೆ ಇವೆ ಅನ್ನುವವರು ಇದ್ದಾರೆ. ನಿಜ, ಇವೆ. ನೀವೂ ಇದನ್ನು ಫೋನಿನಲ್ಲೇ ಓದುತ್ತಿದ್ದೀರಿ. ಆದರೆ ಮನೆಯ ಒಂದು ಫೋನ್ ಹಗಲು ಗಂಡನ ಜೇಬಿನಲ್ಲಿ, ರಾತ್ರಿ ಮಗನ ಕೈಯಲ್ಲಿ. ದಿಂಬಿನ ಕೆಳಗೆ ಇಟ್ಟುಕೊಳ್ಳಲು ಅವಳಿಗೆ ಸಿಗುವುದು ಪುಸ್ತಕ ಮಾತ್ರ. ಅದಕ್ಕೆ ರೀಚಾರ್ಜ್ ಬೇಡ, ಏನು ನೋಡಿದಳು ಅಂತ ಯಾರೂ ಹಿಸ್ಟರಿ ತೆಗೆದು ನೋಡುವ ಹಾಗೂ ಇಲ್ಲ.

ಇನ್ನು ದುಡ್ಡಿನ ಮಾತು. ಲೈಬ್ರರಿ ಯಾರ ಧರ್ಮವೂ ಅಲ್ಲ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುತ್ತಾರೆ, ರೂಪಾಯಿಗೆ 6 ಪೈಸೆ. ನಿಮ್ಮ ಮನೆ ಕಂದಾಯದ ರಶೀದಿ ತೆಗೆದು ನೋಡಿ. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು, ಈಗ ಹೆಸರು 'ಅರಿವು ಕೇಂದ್ರ'. ಹಲವು ಕಡೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಒಳ್ಳೆಯದೇ, ಅದನ್ನು ಮೆಚ್ಚುತ್ತೇವೆ. ಆದರೆ ಕರ ಕಟ್ಟುವ ಮನೆಯಲ್ಲಿ ಆ ಹೆಂಗಸೂ ಇದ್ದಾಳೆ. ಅವಳ ಅರಿವು ಏನು ಅಂತ ಸಾಹೇಬರು ಜೀಪಿನಿಂದ ಇಳಿದು ಹತ್ತು ನಿಮಿಷದಲ್ಲಿ ತೀರ್ಮಾನ ಮಾಡುವುದು ಹೇಗೆ?

ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪ ಆದ ಮೇಲೆ ಇದನ್ನೂ ಕೇಳಿ: ನಮ್ಮ ಲೈಬ್ರರಿಯ ಕಾದಂಬರಿಗಳು ಎಲ್ಲಿವೆ? ಪ್ರತಿ ಪುಸ್ತಕಕ್ಕೂ ದಾಸ್ತಾನು ರಿಜಿಸ್ಟರಿನಲ್ಲಿ ಒಂದು ನಂಬರ್ ಇರುತ್ತದೆ. ತೆಗೆದು ಹಾಕಿದ್ದರೆ ಯಾರ ಆದೇಶದ ಮೇಲೆ, ಯಾವ ತಾರೀಖಿಗೆ ಅಂತ ಬರವಣಿಗೆಯಲ್ಲಿ ಇರಬೇಕು. ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ. ಬಾಯಲ್ಲೇ ಉತ್ತರ ಹೇಳಿ ಕಳಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಬಂದರೆ ನಮಗೂ ಒಂದು ಪ್ರತಿ ಕಳಿಸಿ.