ಸಕ್ಕರೆ ಕಾಯಿಲೆಯವರ ಮನಸ್ಸನ್ನು ಕೇಳುವವರಾರು?

ಎರಡು ವರ್ಷಗಳ ಹಿಂದಿನ ರಮಝಾನ್. ಆನವಟ್ಟಿಯ ನನ್ನ ಪರಿಚಿತರೊಬ್ಬರು ಅಸರ್ ನಮಾಝಿನ ಹೊತ್ತಿಗೆ ತಮ್ಮ ಅಂಗಡಿಯಲ್ಲಿಯೇ ಕುಸಿದು ಕುಳಿತರು. ಮೈಯೆಲ್ಲ ಬೆವರು, ಕೈಗಳಲ್ಲಿ ನಡುಕ, ಮಾತಿನಲ್ಲಿ ತೊದಲು. ಪಕ್ಕದ ಅಂಗಡಿಯವರು ಓಡಿ ಬಂದು ಸಕ್ಕರೆ ನೀರು ಕುಡಿಸಿ ಸರಕಾರಿ ಆಸ್ಪತ್ರೆಗೆ ಕರೆದೊಯ್ದರು. ಅವರಿಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತೆಂಬುದು ಮತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆಂಬುದು ಊರಿಗೆ ತಿಳಿದದ್ದೇ ಅಂದು. ದಿನಕ್ಕೆ ಐದು ಹೊತ್ತು ಅವರ ಪಕ್ಕದಲ್ಲಿ ಸಫ್‌ನಲ್ಲಿ ನಿಲ್ಲುತ್ತಿದ್ದವರಿಗೂ ಅದು ಗೊತ್ತಿರಲಿಲ್ಲ.

ಮರುದಿನ ನಾನು ನೋಡಲು ಹೋದಾಗ ಮನೆ ತುಂಬ ಜನರಿದ್ದರು. ಒಬ್ಬರು ಹಾಗಲಕಾಯಿ ರಸದ ಮಹಿಮೆ ಹೇಳಿದರು. ಇನ್ನೊಬ್ಬರು ಬಿರಿಯಾನಿಯ ಮೇಲೆ ಅಪರಾಧ ಹೊರಿಸಿದರು. ಹಿರಿಯರೊಬ್ಬರು ಸಬ್ರ್‌ನ ಕುರಿತು ಉಪದೇಶ ನೀಡಿದರು. ಎಲ್ಲರೂ ಎದ್ದು ಹೋದ ಬಳಿಕ ಅವರು ಮೆಲ್ಲನೆ ಹೇಳಿದರು: "ಮೌಲಾನಾ, ಬೀಳ್ತೀನಿ ಅಂತ ಮಧ್ಯಾಹ್ನವೇ ಗೊತ್ತಾಗಿತ್ತು. ರೋಝಾ ಮುರಿದರೆ ಜನ ಏನಂತಾರೋ ಅನ್ನೋ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು."

ಆ ಹೆದರಿಕೆಗೆ ಯಾವ ಔಷಧದ ಅಂಗಡಿಯಲ್ಲಿಯೂ ಮಾತ್ರೆಯಿಲ್ಲ.

ಈ ಕಾಯಿಲೆಯ ಸ್ವಭಾವವೇ ವಿಚಿತ್ರವಾದುದು. ಇದರ ಚಿಕಿತ್ಸೆಯ ಬಹುಭಾಗವನ್ನು ವೈದ್ಯರಲ್ಲ, ರೋಗಿಯೇ ಮಾಡಿಕೊಳ್ಳಬೇಕು. ಏನು ತಿನ್ನಬೇಕು, ಎಷ್ಟು ನಡೆಯಬೇಕು, ಸೂಜಿಯಲ್ಲಿ ಎಷ್ಟು ತುಂಬಬೇಕೆಂಬ ಲೆಕ್ಕಕ್ಕೆ ರಜೆಯಿಲ್ಲ, ಹಬ್ಬವಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವೊಮ್ಮೆ ರಕ್ತದ ಸಕ್ಕರೆ ಏರಿಯೇ ಇರುತ್ತದೆ. ಆಗ ವೈದ್ಯರು ಗದರುತ್ತಾರೆ, ಮನೆಯವರು ತಟ್ಟೆಯತ್ತ ಕಣ್ಣಿಡುತ್ತಾರೆ. ಹೀಗೆ ವರ್ಷಗಟ್ಟಲೆ ಸಾಗಿದಾಗ ಮನಸ್ಸು ದಣಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿಯೇ ಈ ದಣಿವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದ್ದರು. ಇದು ಹುಚ್ಚಲ್ಲ, ಎಲ್ಲರಲ್ಲೂ ಖಿನ್ನತೆಯೂ ಅಲ್ಲ. ಆದರೆ ಹೀಗೆ ದಣಿದವನು ಮೊದಲು ಪರೀಕ್ಷೆ ಬಿಡುತ್ತಾನೆ, ಅನಂತರ ಮಾತ್ರೆ ಬಿಡುತ್ತಾನೆ. ಕಣ್ಣು, ಮೂತ್ರಪಿಂಡ, ಕಾಲುಗಳ ಸರದಿ ಆಮೇಲೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅವರಲ್ಲಿ ನಮ್ಮ ಮೊಹಲ್ಲಾಗಳವರೂ ಇದ್ದಾರೆ.

ದುಃಖಿಸುವುದು ಈಮಾನಿನ ಕೊರತೆಯೆಂದು ನಮ್ಮಲ್ಲಿ ಯಾರು ಕಲಿಸಿದರೋ ನಾನರಿಯೆ. ಮದ್ರಸಾದಲ್ಲಿ ನಾನು ಓದಿದ್ದು ಬೇರೆಯೇ. ಪ್ರವಾದಿ ಯಾಕೂಬ್(ಅ)ರು ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಅದೇ ಯಾಕೂಬ್(ಅ)ರು ಸುಂದರ ಸಹನೆಯ ಮಾದರಿಯೂ ಹೌದು. ಅಂದರೆ ಕಣ್ಣೀರು ಮತ್ತು ಸಬ್ರ್ ಒಂದೇ ಎದೆಯಲ್ಲಿ ಇರಬಲ್ಲವು. ಪ್ರವಾದಿ ಮುಹಮ್ಮದ್(ಸ)ರು ಚಿಂತೆ ಮತ್ತು ವ್ಯಥೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಒಂಬತ್ತು-ಹತ್ತನೆಯ ಶತಮಾನಗಳಲ್ಲಿ ಬದುಕಿದ್ದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ಒಂದೇ ಗ್ರಂಥದಲ್ಲಿ ಶರೀರಕ್ಕೊಂದು ಭಾಗವನ್ನೂ ಮನಸ್ಸಿಗೊಂದು ಭಾಗವನ್ನೂ ಮೀಸಲಿಟ್ಟು, ಒಂದು ನೊಂದರೆ ಇನ್ನೊಂದೂ ನೋಯುತ್ತದೆಂದು ವಿವರಿಸಿದ್ದರು. ನಾವು ಅವರ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರೋಗಿಯ ಮಂಚದ ಬಳಿ ನಿಂತಾಗ ಮರೆತುಬಿಡುತ್ತೇವೆ.

ಉಪವಾಸದ ವಿಷಯದಲ್ಲಂತೂ ನಮ್ಮ ಮೌನ ಅಪಾಯಕಾರಿ. ರೋಗಿಗೆ ವಿನಾಯಿತಿ ನೀಡಿದ್ದು ಕುರ್‌ಆನೇ ಹೊರತು ಯಾವುದೋ ಆಧುನಿಕ ಮನಸ್ಸಲ್ಲ. ಗುಣವಾಗುವ ನಿರೀಕ್ಷೆಯಿಲ್ಲದವರು ಬಡವನಿಗೆ ಉಣಿಸಿದರೆ ಸಾಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪವಾಸ ಮುರಿಯಬೇಕೆಂದು ವೈದ್ಯರು ಹೇಳುತ್ತಾರೆ. ರಮಝಾನಿಗೆ ಆರರಿಂದ ಎಂಟು ವಾರಗಳ ಮೊದಲೇ ತಮ್ಮನ್ನು ಕಾಣಬೇಕೆಂದೂ ಹೇಳುತ್ತಾರೆ. ರಜಬ್ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಇದನ್ನು ಮಿಂಬರಿನಿಂದಲೇ ಹೇಳಿದರೆ ಎಷ್ಟು ಮಂದಿಯ ಎದೆಯ ಭಾರ ಇಳಿದೀತು! ವೈದ್ಯರು ಹೇಳಿದರೆ ಅನುಮತಿ, ಇಮಾಮರು ಹೇಳಿದರೆ ನೆಮ್ಮದಿ.

ಪುರುಷರ ಪಾಡು ಇದಾದರೆ ಸ್ತ್ರೀಯರದು ಇನ್ನೂ ಒಳಗಿನದು. ಬಾಲ್ಯದಲ್ಲಿಯೇ ಬರುವ ಮೊದಲ ವಿಧದ ಮಧುಮೇಹವು ಸಿಹಿ ತಿಂದದ್ದರಿಂದ ಬರುವುದಲ್ಲ, ತಾಯಿಯ ತಪ್ಪಿನಿಂದಲೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಉತ್ಪಾದಿಸುವ ಕಣಗಳನ್ನು ನಾಶಪಡಿಸುವುದರಿಂದ ಬರುತ್ತದೆ. ಇಂತಹ ಹುಡುಗಿಗೆ ಸಂಬಂಧ ನೋಡುವಾಗ ಏನಾಗುತ್ತದೆಂದು ಓದುಗರಿಗೆ ವಿವರಿಸಬೇಕಿಲ್ಲ. ಬಚ್ಚಿಡಲಾಗುತ್ತದೆ. ನಿಕಾಹ್ ಆದ ಮನೆಯಲ್ಲಿ ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಾಳೆ. ಅತಿಥಿಗಳು ತುಂಬಿದ ದಿನ ಅದನ್ನೂ ಬಿಡುತ್ತಾಳೆ. ಇನ್ಸುಲಿನ್ ತಪ್ಪಿದರೆ ರಕ್ತ ಆಮ್ಲಮಯವಾಗಿ ಒಂದೆರಡು ದಿನಗಳಲ್ಲಿ ಜೀವಕ್ಕೇ ಕುತ್ತು ಬರಬಹುದು. ವರದಕ್ಷಿಣೆಯ ವಿರುದ್ಧ ವೇದಿಕೆಯೇರಿ ಮಾತನಾಡುವ ನಮ್ಮಲ್ಲಿ ಎಷ್ಟು ಜನ, ಸತ್ಯವನ್ನು ಮೊದಲೇ ಹೇಳಿದ ಇಂತಹ ಹುಡುಗಿಯನ್ನು ಸೊಸೆಯಾಗಿ ತಂದುಕೊಂಡೇವು?

ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ನಮೂನೆಯಲ್ಲಿ ಮನಸ್ಸಿನ ಕುರಿತೂ ಎರಡು ಪ್ರಶ್ನೆಗಳಿವೆ: ಕೆಲಸದಲ್ಲಿ ಆಸಕ್ತಿ ಕುಂದಿದೆಯೇ, ಮನಸ್ಸು ಕುಗ್ಗಿದೆಯೇ ಎಂದು. ಒಳ್ಳೆಯ ಪ್ರಶ್ನೆಗಳೇ. ಆದರೆ ಅತ್ತೆ, ನಾದಿನಿಯರ ಮುಂದೆ ಯಾವ ಸೊಸೆ ತಾನೇ 'ಹೌದು' ಎಂದಾಳು?

ಹಾಗಾದರೆ ಮಾರ್ಗವೇನು? ಊರಿಗೊಬ್ಬ ಮನೋವೈದ್ಯರು ಬರುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ಡಯಾಕಾನ್ ಆಸ್ಪತ್ರೆ ಸೇರಿದಂತೆ ದೇಶದ ನಾಲ್ಕು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮಧುಮೇಹದೊಂದಿಗೆ ಖಿನ್ನತೆಯೂ ಇದ್ದ 404 ಮಂದಿ ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿನವರೊಂದಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಹಾಯಕರು ನಿಯಮಿತವಾಗಿ ಮಾತನಾಡುತ್ತಿದ್ದರು. ತಜ್ಞರು ಹಿಂದೆ ನಿಂತು ಸಲಹೆ ನೀಡುತ್ತಿದ್ದರು. ಎರಡು ವರ್ಷಗಳ ಬಳಿಕ ನೋಡಿದಾಗ, ಮನಸ್ಸಿನ ಸುಧಾರಣೆಯ ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದ್ದವರು ಆ ಗುಂಪಿನಲ್ಲಿ ನೂರಕ್ಕೆ 71. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 57. ಬಿಡದೆ ವಿಚಾರಿಸುವ ಒಬ್ಬ ಮನುಷ್ಯನಿದ್ದುದರಿಂದ ಆದ ವ್ಯತ್ಯಾಸ ಇದು.

ಸರಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಷ್ಟು ಹಳೆಯದು. ಅದರ ಮೊದಲ ಪ್ರಯೋಗ ನಡೆದದ್ದು ನಮ್ಮದೇ ಬಳ್ಳಾರಿಯಲ್ಲಿ. ನಮ್ಮ ಜಿಲ್ಲೆಗೂ ಇದು ಹೊಸ ಮಾತಲ್ಲ. 2016ರಲ್ಲಿ ನಿಧನರಾದ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ದಶಕಗಳ ಕಾಲ ಕನ್ನಡದಲ್ಲಿ ಬರೆದು, ಸಿನಿಮಾಗಳಿಗೆ ಕಥೆ ಕೊಟ್ಟು ಮನೋರೋಗದ ಮೇಲಿನ ನಾಚಿಕೆಯ ಪರದೆ ಸರಿಸಲು ಶ್ರಮಿಸಿದರು. ಆದರೂ ಆನವಟ್ಟಿಯವರು ಇಂದಿಗೂ ಮನಸ್ಸಿನ ಚಿಕಿತ್ಸೆಗೆಂದರೆ ಶಿವಮೊಗ್ಗದ ಬಸ್ಸು ಹತ್ತುವ ಮಾತನ್ನೇ ಆಡುತ್ತಾರೆ. ಒಂದು ದಿನದ ವ್ಯಾಪಾರ ಕಳೆದುಕೊಂಡು, ಅದೂ ಸುಳ್ಳು ನೆಪ ಹೇಳಿ. ಮಾನಸಿಕ ಆರೋಗ್ಯ ಸೇವೆ ಸೊರಬದ ತಾಲೂಕು ಆಸ್ಪತ್ರೆಯಲ್ಲಿ ಯಾವ ದಿನ ಸಿಗುತ್ತದೆಂಬುದನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆದು ಹಾಕಲು ಏನು ಖರ್ಚು? 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯೂ ಅಲ್ಲಿರಲಿ. ಹೆಸರು ಹೇಳದೆಯೂ, ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು.

ಯಾರದೋ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಬಂದಾಗ ಜುಮಾದ ಬಳಿಕ ಬಟ್ಟೆ ಹಾಸಿ ಹಣ ಕೂಡಿಸುತ್ತೇವೆ. ಅದು ಪುಣ್ಯದ ಕೆಲಸವೇ. ಅದಕ್ಕೂ ಹತ್ತು ವರ್ಷ ಮೊದಲು ಅದೇ ವ್ಯಕ್ತಿಯನ್ನು ಪಕ್ಕಕ್ಕೆ ಕರೆದು 'ಹೇಗಿದ್ದೀರಿ ಭಾಯಿ, ನಿಭಾಯಿಸಲು ಕಷ್ಟವಾಗುತ್ತಿದೆಯೇ?' ಎಂದು ಕೇಳಿದ್ದರೆ ಹಣದ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ನಮ್ಮ ಸಂಘಟನೆಗಳು ರಕ್ತ ತಪಾಸಣಾ ಶಿಬಿರ ನಡೆಸುವಾಗ ಒಂದು ಕೋಣೆಯಲ್ಲಿ ಎರಡು ಕುರ್ಚಿಗಳನ್ನೂ, ಮಾತಾಡದೆ ಕೇಳಿಸಿಕೊಳ್ಳಬಲ್ಲ ಒಬ್ಬರನ್ನೂ ಇರಿಸಲಿ. ಸ್ತ್ರೀಯರಿಗೆ ಸ್ತ್ರೀಯೇ ಇರಲಿ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಪರರ ಗುಟ್ಟು ಅಮಾನತ್ ಎಂಬುದನ್ನು ನಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ.

ಆನವಟ್ಟಿಯ ಆ ಪರಿಚಿತರು ಕಳೆದ ಬಾರಿ ರಮಝಾನಿಗೆ ಮೊದಲೇ ಪತ್ನಿಯೊಂದಿಗೆ ವೈದ್ಯರನ್ನು ಕಂಡು ಬಂದರು. ಉಪವಾಸ ಕೂಡದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಫಿದ್‌ಯಾದ ಲೆಕ್ಕವನ್ನು ನಾನೇ ಹಾಕಿ ಕೊಟ್ಟೆ. ಆ ತಿಂಗಳಿಡೀ ಅವರು ಮಧ್ಯಾಹ್ನದ ಬುತ್ತಿಯನ್ನು ಅಂಗಡಿಯ ಒಳಗೋಣೆಯಲ್ಲಿ, ಬಾಗಿಲು ಹಾಕಿಕೊಂಡು ಉಂಡರು.