ಸೋರಿಕೆ ಹುಡುಕಲು ಚಳಿಗಾಲವೇ ಸಕಾಲ

ಸತ್ಯಮಂಗಲ ಕೈಗಾರಿಕಾ ಪ್ರದೇಶದಿಂದ ಸರಕು ಹೊತ್ತು ಹೊರಡುವ ಮುಚ್ಚಿದ ಬಾಡಿಯ ಲಾರಿ, ಟ್ರೇಲರ್‌ಗಳ ಸೋರಿಕೆ ನೆನಪಾಗುವುದು ಮಳೆ ಬಂದಾಗ ಮಾತ್ರ. ತುಮಕೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ನವೆಂಬರ್ ಕಳೆದೊಡನೆ ವಿಷಯ ಮರೆತುಹೋಗುತ್ತದೆ. ವಾಸ್ತವವಾಗಿ ದುರಸ್ತಿಗೆ ತಕ್ಕ ಕಾಲ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಚಳಿಗಾಲವೇ. ಒದ್ದೆ ತಗಡಿಗೆ ಸೀಲೆಂಟ್ ಸರಿಯಾಗಿ ಅಂಟುವುದಿಲ್ಲ.

ಒಂದು ದಿನ ವಾಹನ ನಿಲ್ಲಿಸಿದರೆ ಬಾಡಿಗೆ ನಷ್ಟವೆಂಬ ವಾದವಿದೆ. ಇದು ಅರ್ಧ ಲೆಕ್ಕ. ಶೇ. 18 ಜಿಎಸ್‌ಟಿ ತೆತ್ತು ವರ್ತಕರೊಬ್ಬರು ಖರೀದಿಸಿದ 2 ಲಕ್ಷ ರೂಪಾಯಿಯ ಸರಕು ನೆನೆದು ಪೂರ್ಣ ನಾಶವಾಯಿತೆಂದು ಭಾವಿಸಿದರೆ, ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ 36,000 ರೂಪಾಯಿಯ ಇನ್‌ಪುಟ್ ತೆರಿಗೆ ಜಮೆಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಒಳನಾಡು ಸಾಗಣೆ ವಿಮೆಯ ‘ಬಿ’ ಷರತ್ತುಗಳು ಬೆಂಕಿ, ಸಿಡಿಲು, ಸೇತುವೆ ಕುಸಿತ, ಡಿಕ್ಕಿ, ವಾಹನ ಮಗುಚುವಿಕೆಯಂತಹ ಅಪಾಯಗಳಿಗೆ ಸೀಮಿತ. ಮಳೆ ನೀರು ಆ ಪಟ್ಟಿಯಲ್ಲಿಲ್ಲ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಹಾಗೂ 2011ರ ನಿಯಮಗಳಂತೆ, ಹೆಚ್ಚಿನ ಹೊಣೆಯ ದರವನ್ನು ಮೊದಲೇ ಒಪ್ಪಿ ತೆರದಿದ್ದರೆ, ಸಾರಿಗೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟನ್ನು ಮೀರದು. ಬಾಡಿಗೆ 4,000 ರೂಪಾಯಿಯಾದರೆ ಪರಿಹಾರದ ಮಿತಿ 40,000. ಉಳಿದುದು ಸರಕಿನ ಯಜಮಾನನ ತಲೆಗೇ.

ಪತ್ತೆಕಾರ್ಯಕ್ಕೆ ದುಬಾರಿ ಉಪಕರಣ ಬೇಕಿಲ್ಲ. ನಡು ಮಧ್ಯಾಹ್ನ ಒಬ್ಬರು ಖಾಲಿ ಬಾಡಿಯೊಳಗೆ ನಿಂತು, ಹೊರಗೊಬ್ಬ ಸಹಾಯಕನನ್ನಿರಿಸಿ, ಬಾಗಿಲು ಮುಚ್ಚಿಸಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬೆಳಕು ತೂರುವ ರಂಧ್ರಗಳಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಬೆಳಕು ಕಾಣದೆಡೆಯಲ್ಲೂ ನೀರು ನುಸುಳಬಹುದಾದ್ದರಿಂದ, ಬಳಿಕ ಕೊಳವೆಯಿಂದ ನೀರು ಹಾಯಿಸಬೇಕು. ಮೊದಲು ಕೆಳಭಾಗ, ನಂತರ ಬಾಗಿಲಿನ ರಬ್ಬರು, ಕೊನೆಗೆ ಚಾವಣಿಯ ಜೋಡಣೆ ಮತ್ತು ರಿವೆಟ್ಟುಗಳು. ಒಮ್ಮೆಲೇ ಎಲ್ಲೆಡೆ ಸುರಿದರೆ ಮೂಲ ತಿಳಿಯದು. ಚಾವಣಿಯ ಅಡ್ಡಪಟ್ಟಿಯ ಗುಂಟ ಹರಿದ ನೀರು ಬೇರೊಂದು ಮೂಲೆಯಲ್ಲಿ ತೊಟ್ಟಿಕ್ಕುವುದುಂಟು. ಚಕ್ರದಿಂದ ಚಿಮ್ಮುವ ನೀರು ನೆಲಹಲಗೆಯ ಸಂದಿನಿಂದಲೂ ಏರುತ್ತದೆ.

ಚಳಿಗಾಲದಲ್ಲಿ ಇನ್ನೊಂದು ಭ್ರಮೆಗೂ ಎಡೆಯಿದೆ. ಮಳೆಯಿಲ್ಲದ ಮುಂಜಾನೆ ಚಾವಣಿಯ ಒಳಮೈ ತುಂಬ ಸಮನಾಗಿ ಹನಿಗಟ್ಟಿದ್ದರೆ ಅದು ಬಹುತೇಕ ಸೋರಿಕೆಯಲ್ಲ. ಹಸಿ ಸರಕಿನ ಅಥವಾ ಒದ್ದೆ ಮರದ ಹಲಗೆಗಳ ತೇವ ರಾತ್ರಿ ತಣ್ಣಗಾದ ತಗಡಿಗೆ ತಾಗಿ ನೀರಾದದ್ದು. ಅದಕ್ಕೆ ಸೀಲೆಂಟ್ ಬಳಿಯುವುದು ದಂಡದ ಖರ್ಚು. ಸರಕನ್ನು ಒಣಗಿಸಿ ತುಂಬುವುದೇ ಮದ್ದು.

ನಿಜವಾದ ಸೋರಿಕೆಯಾದರೆ ತುಕ್ಕನ್ನು ತಂತಿಕುಂಚದಿಂದ ಕೆರೆದು, ಒರೆಸಿ, ಪೂರ್ಣ ಒಣಗಿಸಿದ ಮೇಲೆಯೇ ಸೀಲೆಂಟ್ ತುಂಬಬೇಕು. ತಗಡೇ ತಿಂದುಹೋಗಿದ್ದರೆ ತೇಪೆ ಹಾಕಿಸುವುದೇ ಲೇಸು. ದುರಸ್ತಿಯ ಮರುದಿನ ಮತ್ತೊಮ್ಮೆ ನೀರು ಹಾಯಿಸದೆ ಬಿಲ್ಲು ಪಾವತಿಸಬಾರದು.

ಪ್ರತಿ ವಾಹನಕ್ಕೂ ಒಂದು ತಪಾಸಣಾ ಪುಸ್ತಕವಿರಲಿ. ಚಾಲಕನ ದೂರು, ಪತ್ತೆಯಾದ ಜಾಗ, ದುರಸ್ತಿಯ ದಿನಾಂಕ ಅದರಲ್ಲಿ ದಾಖಲಾಗಲಿ. ಬಾಡಿಗೆ ಲಾರಿಯಾದರೆ ಸರಕು ತುಂಬುವ ಮುನ್ನವೇ ಬಾಗಿಲು ಮುಚ್ಚಿ ನೋಡುವ ಪದ್ಧತಿ ಬರಲಿ. ನೆನೆದ ಸರಕಿನ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ಬರೆದು ಮುಗಿಸಬಹುದು. ಆ ಸರಕನ್ನು ಹಿಂದಿರುಗಿಸಿದ ಗ್ರಾಹಕನ ವಿಶ್ವಾಸಕ್ಕೆ ಅಲ್ಲಿ ಯಾವ ಖಾತೆಯೂ ಇಲ್ಲ.